ಹುಲಿಗಳ ಕೆಳಗಿನ ಬೆನ್ನು

ಬಾರದ ಕೆಲಸವನ್ನು ಬಲ್ಲವನಂತೆ ಒಪ್ಪಿಕೊಳ್ಳುವ ಚಟ ನನಗೆ ಹುಟ್ಟಿನಿಂದಲೇ ಇದೆ. ಭಾಲ್ಕಿಯ ಶಾಲೆಯಲ್ಲಿದ್ದಾಗ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸಿದ್ದೆ. ಮರುದಿನದಿಂದ ಅಲ್ಲಿ ಪ್ರಾರ್ಥನೆ ಬರೀ ಬಾಯಲ್ಲೇ ನಡೆಯಿತು. ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕಚೇರಿಯ ಸಾಹೇಬರು, "ನಮ್ಮ ಊರು ಹ್ಯಾಂಗ ಅದ ಅಂತ ಮೈಸೂರಿನವರಿಗಿ ತೋರಸಬೇಕ್ರಿ. ಕ್ವಾಟಿ ಫೋಟೊ ಯಾರು ತೆಗಿತೀರಿ?" ಎಂದಾಗ, ನನ್ನ ಕೈ ನನ್ನನ್ನು ಕೇಳದೆಯೇ ಮೇಲೆದ್ದಿತು.

ಖುಷಿಯಲ್ಲಿ ಎರಡು ದಿನ ಊಟ ಸೇರಲಿಲ್ಲ. ಅಲ್ಲಿಯವರು ಬೀದರನ್ನು ಮೊದಲ ಸಲ ನೋಡುವುದು ನನ್ನ ಕಣ್ಣಿನಿಂದ. ಫೋಟೊ ಅಂಗಡಿಯ ಚಾಂದಸಾಬರು ತಮ್ಮ ಮುದಿ ಕ್ಯಾಮೆರಾ ಎರವಲು ಕೊಟ್ಟರು. ಅದಕ್ಕೆ ಗುಂಡಿ ಒತ್ತುವ ಸುಖವಿಲ್ಲ. ಮುಂದಿನ ಮುಚ್ಚಳ ತೆಗೆದು, ಹತ್ತು ಎಣಿಸಿ, ಮತ್ತೆ ಮುಚ್ಚಬೇಕು. "ಚಿತ್ರ ಮೂಡೋ ಗಾಜಿನ ಪ್ಲೇಟ್ ಒಂದೇ ಉಳದದರಿ, ಹುಷಾರ್," ಎಂದರು. ಕೋಟೆಯ ಹೆಬ್ಬಾಗಿಲಾದ ಶರ್ಜಾ ದರವಾಜದ ಮೇಲೆ ಕೆತ್ತಿದ ಎರಡು ಹುಲಿಗಳು ಪಂಜ ಎತ್ತಿರುವುದು ಸುಲ್ತಾನರ ದರ್ಪದ ಗುರುತೆಂದು ನಾನು ಅವರಿಗೇ ಉಪನ್ಯಾಸ ಕೊಟ್ಟೆ. ಅವರು ನಕ್ಕು, "ದರ್ಪ ಎಲ್ಲೀದ್ರಿ, ಬಂದೋರಿಗಿ ಸಲಾಂ ಹೊಡಿಲಿಕತ್ತಾವ," ಎಂದರು. ಕಲೆ ತಿಳಿಯದವರೆಂದುಕೊಂಡು ಕ್ಯಾಮೆರಾ ಹೊತ್ತು ಹೊರಟೆ.

ಬೆಳಿಗ್ಗೆ ದರವಾಜದ ಎದುರು ಮುಕ್ಕಾಲಿ ನಿಲ್ಲಿಸಿದೆ. ಕರಿಬಟ್ಟೆಯೊಳಗೆ ತಲೆ ತೂರಿಸಿದರೆ ಹುಲಿಗಳು ತಲೆಕೆಳಗಾಗಿ ಕಂಡವು. ಮುಚ್ಚಳ ತೆಗೆದೆ. ಒಂದು, ಎರಡು, ಮೂರು... ಅಷ್ಟರಲ್ಲಿ ಕಮಾನಿನೊಳಗಿಂದ ಹಲಬರ್ಗಾದ ನನ್ನ ಮಾವನವರು, ಹೆಣ್ಣು ಕೊಟ್ಟ ಮಾವ, ಹೊರಬಂದು, "ಆರಾಮ ಇದ್ದೀರೇನ್ರಿ ಅಳಿಯಂದ್ರ?" ಎಂದರು.

ಮಾವ ಎದುರಾದಾಗ ಎಣಿಸುತ್ತ ನಿಲ್ಲುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಮುಚ್ಚಳವನ್ನು ಕೈಯಲ್ಲೇ ಹಿಡಿದು ಓಡಿಹೋಗಿ ಅವರ ಕಾಲಿಗೆ ಬಗ್ಗಿದೆ. ಮಗಳ ಕ್ಷೇಮ ಕೇಳಿದರು, ಬಗ್ಗಿದಲ್ಲಿಂದಲೇ ಹೇಳಿದೆ. ಆಗ ಕೈಯಲ್ಲಿದ್ದ ಮುಚ್ಚಳ ಕಂಡಿತು. ಓಡಿಬಂದು ಮುಚ್ಚಿದೆ.

ಚಾಂದಸಾಬರು ಪ್ಲೇಟು ತೊಳೆದು ಚಿತ್ರ ಇಳಿಸಿ, "ಹುಲಿ ಛಂದ ಬಂದಾವ ಬಿಡ್ರಿ," ಎಂದರು. ಹುಲಿಗಳ ಕೆಳಗೆ, ಕಮಾನಿನ ನಟ್ಟನಡುವೆ, ಬಗ್ಗಿದ ನನ್ನದೇ ಬಿಳಿ ಅಂಗಿಯ ಬೆನ್ನು ಮಸುಕಾಗಿ ಹರಡಿಕೊಂಡಿತ್ತು. ನನಗೆ ಅಳುವೇ ಬಂತು. ಬೇರೆ ಪ್ಲೇಟಿಲ್ಲ, ಅಂದೇ ಟಪಾಲು ಹೊರಡಬೇಕು. ಸಾಹೇಬರು ಫೋಟೊವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಈ ಬೆಳ್ಳಂದು ಏನ್ರಿ ಇದು?"

"ನಮ್ಮ ಕಡಿ ಮರ್ಯಾದಿರಿ," ಎಂದುಬಿಟ್ಟೆ.

ಅದು ಅವರಿಗೆ ಬಹಳ ಹಿಡಿಸಿತು. "ತೆಗೆದೋರ ಹೆಸರು ಕೆಳಗ ಬರೀಲೇನ್ರಿ?" ಎಂದು ಲೇಖನಿ ತೆರೆದರು. ಹೋದಲ್ಲೆಲ್ಲ ಹೆಸರು ಹೇಳಿಕೊಳ್ಳುವ ನಾನು ಅಂದು ಮೊದಲ ಸಲ ಬೇಡವೆಂದೆ. ಮೈಸೂರು ರಾಜ್ಯ ನನ್ನನ್ನು ಹಿಂದಿನಿಂದ ಗುರುತು ಹಿಡಿಯದಿದ್ದರೆ ಸಾಕಾಗಿತ್ತು.