ಹುಳ ಎಂಬ ಸರ್ವನಾಮ

ಸಿಟ್ಟು ಬರುವುದಕ್ಕೆ ದೊಡ್ಡ ಕಾರಣವೇ ಬೇಕೆಂದೇನಿಲ್ಲ. ಕೆಲವರಿಗೆ ಗೇಟಿನ ಮುಂದೆ ಯಾರಾದರೂ ಗಾಡಿ ನಿಲ್ಲಿಸಿದರೆ ಬರುತ್ತದೆ, ಕೆಲವರಿಗೆ ಬೆಣ್ಣೆದೋಸೆಯ ಮೇಲೆ ಬೆಣ್ಣೆ ಕಮ್ಮಿಯಾದರೆ ಬರುತ್ತದೆ. ನನಗೆ ಬರುವುದು ‘ಹುಳ’ ಎಂಬ ಮಾತು ಕೇಳಿದಾಗ. ಹುಳ ಕಂಡರೆ ಅಲ್ಲ, ಆ ಪದ ಕಿವಿಗೆ ಬಿದ್ದರೆ. ದಾವಣಗೆರೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಲೋಕದ ಜೀವಿಗಳನ್ನೆಲ್ಲ ವಂಶ, ವರ್ಗ, ಗಣ, ಕುಟುಂಬ ಎಂದು ಒಪ್ಪವಾಗಿ ವಿಂಗಡಿಸಿಟ್ಟಿದ್ದಾರಲ್ಲ, ಆ ಏರ್ಪಾಡಿನ ಮೇಲೆ ನನಗೆ ದೇವರ ಮೇಲಿರುವುದಕ್ಕಿಂತ ಒಂದು ಗುಂಜಿ ಹೆಚ್ಚೇ ಭಕ್ತಿ. ನಮ್ಮ ನಿಜಲಿಂಗಪ್ಪ ಬಡಾವಣೆಯ ಮನೆಯೊಳಗೆ ಮಾತ್ರ ಆ ಏರ್ಪಾಡಿಗೆ ಮೂರು ಕಾಸಿನ ಬೆಲೆಯಿಲ್ಲ.

ಗೋಧಿಹಿಟ್ಟಿನಲ್ಲಿ ಹರಿದಾಡುವುದು ಹುಳ. ಸರಿ, ಒಪ್ಪಿದೆ. ಜಿರಲೆ, ಜೇಡ, ಶತಪದಿ, ಚೇಳು, ಬಸವನಹುಳು, ಎಲ್ಲವೂ ಹುಳ! ಹಲ್ಲು ನೋವಿಗೂ ಹುಳವೇ ಕಾರಣ. ಟೀವಿಯಲ್ಲಿ ಯಾರೋ ಅನುಮಾನ ಹುಟ್ಟಿಸಿದರೆ ಅದು ‘ತಲೆಗೆ ಹುಳ ಬಿಟ್ಟಿದ್ದು’. ಒಮ್ಮೆ ನನ್ನ ಹೆಂಡತಿ ಗಿರಿಜೆಯನ್ನು ಕೂರಿಸಿ, ಕೀಟಗಳಿಗೆ ಆರು ಕಾಲು, ಜೇಡಕ್ಕೆ ಎಂಟು, ಹಾಗಾಗಿ ಜೇಡ ಕೀಟವಲ್ಲ, ಅದು ಚೇಳಿನ ಬಳಗ ಎಂದು ಬಿಡಿಸಿ ಹೇಳಿದೆ. ಅವಳು ಒಲೆಯ ಮೇಲಿನ ಜೇಡರ ಬಲೆ ತೋರಿಸಿ, “ಆರಿರ್ಲಿ ಎಂಟಿರ್ಲಿ, ಮೊದ್ಲು ಅದನ್ನ ಹೊರಗ ಹಾಕ್ರಿ. ನೀವು ಕಾಲು ಎಣಿಸ್ಕಂತ ನಿಂತ್ರೆ ಅದು ಸಾರಿನಾಗ ಬೀಳ್ತದೆ” ಅಂದಳು.

ವಿಂಗಡಿಸುವುದು ಅವಳಿಗೆ ಬಾರದ ವಿದ್ಯೆಯೆಂದು ತಿಳಿಯಬೇಡಿ. ಸರಸ್ವತಿ ನಗರದ ಯಾವುದೇ ಮದುವೆ ಮನೆಗೆ ಕರೆದೊಯ್ಯಿರಿ. ಅಲ್ಲಿ ಕೂತ ಹೆಂಗಸು ಯಾರ ದೊಡ್ಡಪ್ಪನ ಮಗಳು, ಯಾರ ನಾದಿನಿಯ ಓರಗಿತ್ತಿ, ಯಾವ ಊರಿನಿಂದ ಬಂದು ಯಾವ ಮನೆ ಸೇರಿದವಳು ಎಂದು ಊಟದ ಎಲೆ ಹಾಕುವುದರೊಳಗೆ ಹೇಳಿಬಿಡುತ್ತಾಳೆ. ಅವಳ ಚಿಕ್ಕಮ್ಮನನ್ನು ನಾನು ಅಪ್ಪಿತಪ್ಪಿ ಸೋದರತ್ತೆ ಅಂದರೆ ಎರಡು ದಿನ ಮಾತು ಬಿಡುತ್ತಾಳೆ. ಆದರೆ ಕೋಟ್ಯಂತರ ವರ್ಷಗಳ ಹಿಂದೆಯೇ ಮನೆ ಪಾಲು ಮಾಡಿಕೊಂಡು ಬೇರೆಯಾದ ಜೀವಿಗಳನ್ನು ಒಂದೇ ಚೀಲಕ್ಕೆ ತುಂಬುವುದಕ್ಕೆ ಅವಳಿಗೆ ಏನೇನೂ ಅನಿಸುವುದಿಲ್ಲ. ಇದು ಅನ್ಯಾಯವಲ್ಲವೇ? ನನಗೆ ರಕ್ತ ಕುದಿಯುತ್ತದೆ.

ಮೊನ್ನೆ ಅಮಾವಾಸ್ಯೆಯ ದಿನ ಇದು ಕುದಿದು ಉಕ್ಕಿಯೇಬಿಟ್ಟಿತು. ಉಕ್ಕಡಗಾತ್ರಿಯ ದೇವಸ್ಥಾನಕ್ಕೆ ಹೋಗುವುದೆಂದು ನಾನೂ ಗಿರಿಜೆಯೂ ಬೆಳಿಗ್ಗೆಯೇ ಹೊರಟು ಹರಿಹರದಲ್ಲಿ ನಮ್ಮಕ್ಕನ ಮನೆಗೆ ಬಂದೆವು. ಅಲ್ಲಿ ಸ್ನಾನ ಮುಗಿಸಿ, ಅಕ್ಕನನ್ನೂ ಕರೆದುಕೊಂಡು ಮುಂದೆ ಹೋಗುವುದು ಏರ್ಪಾಡು. ಗೌರಕ್ಕ ನನಗಿಂತ ಏಳು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ಅವಳ ಮನೆ ಹೊಳೆಯ ಕಡೆಯ ಹಳೇ ಓಣಿಯಲ್ಲಿದೆ. ಬಚ್ಚಲು ಹಿತ್ತಲಲ್ಲಿ, ಹಂಡೆ, ಕಟ್ಟಿಗೆ ಒಲೆ ಎಲ್ಲ ಇನ್ನೂ ಹಾಗೇ ಇದೆ. ನಾನು ಟವೆಲ್ಲು ಸುತ್ತಿಕೊಂಡು ಅತ್ತ ಹೊರಟೆ. ಅಕ್ಕ ಅಡುಗೆಮನೆಯಿಂದಲೇ ಕೂಗಿದಳು.

“ಏ ತಮ್ಮಾ, ತಡಿ. ಬಚ್ಚಲಾಗ ಹುಳ ಐತೆ, ಹೋಗಬ್ಯಾಡ.”

ನೋಡಿ, ಇಲ್ಲಿಯೂ ಅದೇ! ನನ್ನ ಒಡಹುಟ್ಟಿದವಳ ಬಾಯಲ್ಲೂ ಅದೇ. ಇವತ್ತು ಇದನ್ನು ಇತ್ಯರ್ಥ ಮಾಡಿಯೇ ತೀರಬೇಕೆಂದು ಅಲ್ಲೇ ನಿಂತೆ. “ಎಂಥ ಹುಳ ಅಕ್ಕ? ಸರಿಯಾಗಿ ಹೇಳು. ಕಾಲು ಎಷ್ಟಿವೆ?”

“ಅದಕ್ಕೆಲ್ಲಿ ಕಾಲಪ್ಪ?”

“ರೆಕ್ಕೆ?”

“ಥೂ, ನಿನ್ನ. ರೆಕ್ಕಿನೂ ಇಲ್ಲ, ಪುಕ್ಕಾನೂ ಇಲ್ಲ. ಉದ್ದಕೆ ಐತೆ. ಸುಮ್ನ ಹೊರಗ ಕೂಡು, ರಫೀಕಗೆ ಫೋನ್ ಮಾಡೀನಿ.”

ನನಗೆ ನಗು ಬಂತು. ಕಾಲಿಲ್ಲ, ರೆಕ್ಕೆಯಿಲ್ಲ, ಉದ್ದಕ್ಕಿದೆ, ನೀರಿನ ಪಸೆಯಿರುವ ಜಾಗ. ಮೊದಲ ವರ್ಷದ ಹುಡುಗರೂ ಹೇಳುತ್ತಾರೆ, ಎರೆಹುಳು. ರೈತನ ಮಿತ್ರ. ಅದನ್ನು ಹಿಡಿಯಲು ಇವಳು ಊರಿನವರಿಗೆ ಫೋನ್ ಮಾಡುತ್ತಾಳೆ! “ಅಕ್ಕ, ಅದು ವಲಯವಂತ ಪ್ರಾಣಿ, ಕಚ್ಚುವುದಕ್ಕೆ ಅದಕ್ಕೆ ಹಲ್ಲೇ ಇಲ್ಲ” ಎಂದು ಉಪನ್ಯಾಸ ಮಾಡುತ್ತಲೇ ಕಸದ ಮೊರ ತೆಗೆದುಕೊಂಡು ಒಳಗೆ ನುಗ್ಗಿದೆ.

ಹಾವಿನ ಪೂರ್ವಜರಿಗೆ ಕಾಲುಗಳಿದ್ದವು, ಬರಬರುತ್ತಾ ಅವು ಕಾಲು ಕಳೆದುಕೊಂಡವು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದವನು ನಾನು. “ಅದಕ್ಕೆಲ್ಲಿ ಕಾಲಪ್ಪ” ಎಂದಾಗ ಅದೊಂದು ನನಗೆ ಹೊಳೆಯಬಾರದಿತ್ತೇ? ಹೊಳೆಯಲಿಲ್ಲ. ಹಂಡೆಯ ಹಿಂದಿನಿಂದ ಮಾರುದ್ದದ ಒಂದು ಹಾವು ತಲೆಯೆತ್ತಿ ನನ್ನನ್ನು ನೋಡಿದ ಮೇಲಷ್ಟೇ ಹೊಳೆಯಿತು. ನನಗಿನ್ನೂ ಕಾಲುಗಳು ಉಳಿದಿವೆಯೆಂದು ಆ ದಿನ ಮನಸಾರೆ ಸಂತೋಷಪಟ್ಟೆ. ಹೊರಗೆ ಹೇಗೆ ಬಂದೆನೋ ತಿಳಿಯದು. ಟವೆಲ್ಲು ಬಾಗಿಲ ಚಿಲಕಕ್ಕೆ ಸಿಕ್ಕಿ ಅಲ್ಲೇ ಉಳಿಯಿತು.

ಅಕ್ಕ ಎಸೆದ ಹಳೆಯ ಹೊದಿಕೆ ಸುತ್ತಿಕೊಂಡು, ಬಾಗಿಲ ಮರೆಯಲ್ಲಿ ನಿಂತು ರೇಗಿದೆ. “ಹಾವು ಅಂತ ಹೇಳೋಕೆ ನಿನಗೇನಾಗಿತ್ತು?”

“ಬಿಡ್ತು ಅನ್ನು!” ಅಕ್ಕ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. “ಅಮಾಸಿ ದಿನ ಅದನ್ನ ಹೆಸರು ಹಿಡಿದು ಕರೀತಾರೇನೋ? ಅವ್ವ ಏನಂತಿದ್ಲು, ಮರ್ತಿಯಾ? ಹೆಸರು ಕೇಳಿದ್ರೆ ಬರ್ತದೆ ಅಂತ ಹುಳ ಅಂತಿದ್ಲು. ನಮ್ಮನ್ಯಾಗ ಸಣ್ಣ ಕೂಸಿಗೂ ಗೊತ್ತಿತ್ತದು.”

ನಿಜ. ನನಗೂ ಗೊತ್ತಿತ್ತು. ಓಣಿಯಲ್ಲಿ ಯಾರಿಗೋ ‘ಹುಳ ಮುಟ್ಟೈತಂತೆ’ ಎಂದು ಅವ್ವ ಓಡಿದರೆ, ಯಾವ ಹುಳ ಎಂದು ನಾವು ಯಾರೂ ಕೇಳುತ್ತಿರಲಿಲ್ಲ. ಕಾಲು ಮೇಲೆತ್ತಿಕೊಂಡು ಮಂಚದ ಮೇಲೆ ಕೂರುತ್ತಿದ್ದೆವು. ಅಕ್ಷರ ಕಲಿಯುವ ಮೊದಲೇ ಕಲಿತ ಮಾತು ಅದು. ನಾನು ಓದಿ ಓದಿ ಅದನ್ನು ಎಲ್ಲಿ ಕಳೆದುಕೊಂಡೆನೋ! ನಾಚಿಕೆಯಾಯಿತು. ನಾಚಿಕೆಯಾಯಿತೆಂದು ಇನ್ನಷ್ಟು ಸಿಟ್ಟು ಬಂತು. ಗಿರಿಜೆ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲ ಕಡೆ ತಿರುಗಿ ನಿಂತಿದ್ದಳು. ಅವಳ ಭುಜ ಕುಲುಕುತ್ತಿತ್ತು.

ಅಷ್ಟರಲ್ಲಿ ರಫೀಕ್ ಬಂದ. ಓಣಿಯ ತುದಿಯಲ್ಲಿ ಅವನದು ವೆಲ್ಡಿಂಗ್ ಅಂಗಡಿ. ಯಾರ ಮನೆಗೆ ಹಾವು ಬಂದರೂ ಕೆಲಸ ಬಿಟ್ಟು ಬಂದು ಹಿಡಿದು ಹೊಳೆಯಾಚೆ ಬಿಡುತ್ತಾನಂತೆ. “ಎಲ್ಲೈತ್ರಿ ಅಕ್ಕಾ ಹುಳ?” ಎಂದವನು ನನ್ನ ಕಡೆ ತಿರುಗಿ, “ನೀವು ನೋಡಿದ್ರೇನ್ರಿ ಸಾರ್? ಹೆಡಿ ತೆಗೆದಿತ್ತಾ?” ಎಂದು ಕೇಳಿದ.

ಕಳೆದ ಮಾನ ತಿರುಗಿ ಪಡೆಯಲು ಇದಕ್ಕಿಂತ ಒಳ್ಳೆಯ ಅವಕಾಶ ಉಂಟೇ? ಹೊದಿಕೆ ಸರಿಪಡಿಸಿಕೊಂಡು, ಕಂಠ ಗಟ್ಟಿ ಮಾಡಿಕೊಂಡು ಹೇಳಿದೆ: “ಇಷ್ಟಗಲ ಹೆಡೆ. ಖಂಡಿತ ನಾಗರ. ವೈಜ್ಞಾನಿಕ ಹೆಸರು ನಾಜಾ ನಾಜಾ.”

ರಫೀಕ್ ಒಳಗೆ ಹೋದ. ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಿರಲಿಕ್ಕಿಲ್ಲ, ಬಾಲ ಹಿಡಿದುಕೊಂಡು ಹೊರಗೆ ಬಂದ. “ನಾಜಾನೂ ಇಲ್ಲ, ರಾಜಾನೂ ಇಲ್ಲ ಬಿಡ್ರಿ ಸಾರ್. ಕೇರೆ ಐತೆ. ಪಾಪದ್ದು, ಇಲಿ ಹಿಡಿಯಾಕ ಬಂದೈತೆ.” ತಲೆಯ, ಹೊಟ್ಟೆಯ ಹುರುಪೆ ನೋಡಿ ವಿಷದ ಹಾವು, ವಿಷವಿಲ್ಲದ ಹಾವು ಗುರುತಿಸುವುದು ಹೇಗೆಂದು ಮೂವತ್ತು ವರ್ಷ ಕಲಿಸಿದವನ ಮೂಗಿನ ಮುಂದೆ ಆ ಕೇರೆ ತೂಗಾಡಿತು. ನಾನು ಕಂಡ ಹಾವುಗಳೆಲ್ಲ ಗಾಜಿನ ಜಾಡಿಯೊಳಗೆ ಚೀಟಿ ಅಂಟಿಸಿಕೊಂಡು ಕೂತಿದ್ದವು ಎಂದು ಇವನಿಗೆ ಹೇಗೆ ಹೇಳುವುದು?

ರಫೀಕ್ ಅದನ್ನು ಚೀಲಕ್ಕೆ ಇಳಿಸಿ ಬಾಯಿ ಕಟ್ಟುತ್ತಾ, “ಸಾರ್ ಏನ್ ಕೆಲಸದಾಗಿದ್ರಿ?” ಎಂದು ಕೇಳಿದ. ನಾನು ಹೊದಿಕೆಯ ಗಂಟು ಬಿಗಿ ಮಾಡತೊಡಗಿದೆ. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿದಳು. ಎತ್ತಿ ಆಡಿಸಿದವಳಲ್ಲವೇ, ತಮ್ಮನ ಮರ್ಯಾದೆ ಹೋಗಲು ಬಿಡುತ್ತಾಳೆಯೇ?

“ಕಾಲೇಜಿನಾಗ ಮೇಷ್ಟ್ರಾಗಿದ್ದ” ಎಂದಳು. “ಕನ್ನಡ ಮೇಷ್ಟ್ರು.”

“ಹಂಗೇನ್ರಿ. ಮತ್ತೆ ಇದೆಲ್ಲ ಅವರಿಗೆ ಹೆಂಗೆ ಗೊತ್ತಾಗಬೇಕು ಬಿಡ್ರಿ” ಎಂದು ರಫೀಕ್ ನನಗೆ ಗೌರವದಿಂದ ಕೈಮುಗಿದು ಹೋದ. ಪ್ರಾಣಿಶಾಸ್ತ್ರದ ಮಾನ ಉಳಿಯಿತು. ಆದರೆ ಆ ಬೆಳಿಗ್ಗೆ ನಾನು ಮೊದಲು ಫೇಲಾದದ್ದು ಯಾವ ವಿಷಯದಲ್ಲಿ ಎಂಬುದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಚಿಲಕದಿಂದ ಟವೆಲ್ಲು ಬಿಡಿಸಿಕೊಂಡು ಸ್ನಾನಕ್ಕೆ ಹೋದೆ.