ಎಡ ಹಲಗೆ ತೋರಿಸಿ

ನಮ್ಮ ವಾಯೆ ಎಸ್ಕಾರ್ಚಾ ಸ್ಕೀ ಕೇಂದ್ರದಲ್ಲಿ ಈ ಚಳಿಗಾಲ ಒಂದೇ ಒಂದು ಸ್ಕೀ ಹಲಗೆಯೂ ಕಳುವಾಗಿಲ್ಲ ಎಂದು ಈ ಮೂಲಕ ದೃಢೀಕರಿಸಲಾಗಿದೆ. ಹೋದ ಚಳಿಗಾಲ ನಲವತ್ತಮೂರು ಜೊತೆ ಹೋಗಿದ್ದವು. ಈ ಸಲ ಯಾರೂ ಸ್ಕೀ ಮಾಡದಿರುವುದಕ್ಕೂ ಈ ಸಾಧನೆಗೂ ಸಂಬಂಧವಿಲ್ಲವೆಂದು ಭದ್ರತಾ ಇಲಾಖೆ ಸ್ಪಷ್ಟಪಡಿಸಿದೆ. ನಾನು ಆ ಇಲಾಖೆಯ ಬಲ ಹಲಗೆ ಕಿಟಕಿಯ ಗುಮಾಸ್ತ, ಅನ್ಸೆಲ್ಮೊ. ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇರಬಹುದು, ಆದರೆ ಅವರ್ಯಾರೂ ಅನುಮತಿ ಪಡೆದಿಲ್ಲ.

ನಮ್ಮ ಬೆಟ್ಟದವರಿಗೆ ಒಂದು ಹಳೇ ರೂಢಿ. ಊಟಕ್ಕೆ ಒಳಗೆ ಹೋಗುವಾಗ ಒಂದು ಹಲಗೆಯನ್ನು ಬಾಗಿಲ ಬಳಿ ನಿಲ್ಲಿಸಿ, ಇನ್ನೊಂದನ್ನು ಅಡುಗೆಮನೆಯ ಹಿಂದೆ ಒರಗಿಸುತ್ತೇವೆ. ಒಂಟಿ ಹಲಗೆ ಕದ್ದು ಕಳ್ಳನಾದರೂ ಏನು ಮಾಡಿಯಾನು? ಹೊಸ ನಿರ್ದೇಶಕ ದೊನ್ ಬಾಲ್ಡೊಮೆರೊ ಇದನ್ನು ಕಂಡು ಬೆರಗಾದರು. ರಾಜಧಾನಿಯಿಂದ ಬಂದವರು, ಹಲಗೆಯ ಮೇಲೆ ಒಮ್ಮೆಯೂ ನಿಂತವರಲ್ಲ. ನಮ್ಮ ದಕ್ಷಿಣಾರ್ಧಗೋಳದಲ್ಲಿ ಚಳಿಗಾಲ ಶುರುವಾಗುವ ಜೂನ್ ತಿಂಗಳ ಹತ್ತರಂದು ಪ್ರಕಟಣೆ ಹೊರಬಿತ್ತು:

‘ಎಲ್ಲ ಎಡ ಹಲಗೆಗಳನ್ನು ಕೆಳಗಿನ ಕಿಟಕಿಯಲ್ಲಿಯೂ, ಎಲ್ಲ ಬಲ ಹಲಗೆಗಳನ್ನು ಮೇಲಿನ ಕಿಟಕಿಯಲ್ಲಿಯೂ ಕಡ್ಡಾಯವಾಗಿ ಒಪ್ಪಿಸತಕ್ಕದ್ದು. ಒಂದನ್ನು ಮರಳಿ ಪಡೆಯಬಯಸುವವರು ಅದರ ಜೋಡಿಯನ್ನು ಹಾಜರುಪಡಿಸಿ ಮಾಲೀಕತ್ವ ಸಾಬೀತುಪಡಿಸತಕ್ಕದ್ದು.’

ಸ್ಕೀ ಹಲಗೆಗೆ ಎಡ ಬಲ ಅಂತ ಇರುವುದೇ ಇಲ್ಲ, ಯಾವುದನ್ನು ಯಾವ ಕಾಲಿಗೆ ಬೇಕಾದರೂ ಹಾಕಬಹುದು ಎಂಬ ಆಕ್ಷೇಪಣೆ ಬಂತು. ಇಲಾಖೆ ಆಕ್ಷೇಪಣೆಯನ್ನು ಗೌರವಿಸಿ, ಪ್ರತಿ ಜೊತೆಯಲ್ಲಿ ಒಂದಕ್ಕೆ ಎಡವೆಂದು ಕೆಂಪು, ಇನ್ನೊಂದಕ್ಕೆ ಬಲವೆಂದು ಹಸಿರು ಬಣ್ಣ ಬಳಿಸಿತು. ಎರಡೇ ದಿನದಲ್ಲಿ ಕಣಿವೆಯ ಅಷ್ಟೂ ಹಲಗೆಗಳು ಒಳಗೆ ಬಂದವು. ಅವು ಹೊರಗೆ ಹೋಗುವುದು ಹೇಗೆಂಬ ವಿಚಾರ ಮೂರನೇ ದಿನ ಯಾರಿಗೋ ಹೊಳೆಯಿತು.

ಪ್ರವಾಸಿಗರು ಬೇಗ ಹೊಂದಿಕೊಂಡರು. ಎಂಪನಾದ ಕಡುಬು ತಿಂದು, ಹಿಮದಲ್ಲಿ ಫೋಟೊ ತೆಗೆಸಿಕೊಂಡು, ನಡೆದೇ ಇಳಿದರು. ಹೊಂದಿಕೊಳ್ಳದವರು ಊರೆಲ್ಲ ಗೌರವದಿಂದ ದೋನ್ಯ ಎನ್ನುವ ಎಡೆಲ್ಮಿರಾ ಒಬ್ಬರೇ. ವಯಸ್ಸು ಐವತ್ತೆಂಟು, ಕಣಿವೆಯ ಅರ್ಧ ಜನಕ್ಕೆ ಸ್ಕೀ ಕಲಿಸಿದ ಶಿಕ್ಷಕಿ. ಶನಿವಾರ ಅವರ ಪರವಾನಗಿ ಪರೀಕ್ಷೆ. ಇಳಿಜಾರಿನಲ್ಲಿ ಜಾರಿ ತೋರಿಸದಿದ್ದರೆ ಕೆಲಸ ಹೋಯಿತು ಅಂತಲೇ ಲೆಕ್ಕ.

ಗುರುವಾರ ನನ್ನ ಕಿಟಕಿಗೆ ಬಂದರು. ಅವರ ಹಲಗೆ, ಸಂಖ್ಯೆ ಇನ್ನೂರ ಹನ್ನೊಂದು, ನನ್ನ ಬೆನ್ನ ಹಿಂದೆಯೇ ನೇತಾಡುತ್ತಿತ್ತು.

“ಅನ್ಸೆಲ್ಮೊ, ಅದು ನಂದು ಅಂತ ನಿಂಗೆ ಗೊತ್ತಲ್ವೇನೋ?”

“ಗೊತ್ತು, ದೋನ್ಯ. ಎಡ ಹಲಗೆ ತೋರಿಸಿ.”

“ಕೆಳಗಡೆಯವ್ನು ಬಲ ಹಲಗೆ ತೋರ್ಸಿ ಅಂತಾನೆ.”

“ಸರಿಯಾಗೇ ಹೇಳಿದಾನೆ.”

“ಆರು ವರ್ಷದವ್ನಿದ್ದಾಗ ಮೂಗು ಒರೆಸ್ಕೊಂಡು ಕಲಿಯೋಕೆ ಬಂದೆಯಲ್ಲ, ಆಗ ನಾನೇನಾದ್ರೂ ತೋರ್ಸು ಅಂದಿದ್ನೇನೋ?”

ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಗೆ ನಮ್ಮಲ್ಲಿ ಅರ್ಜಿ ನಮೂನೆ ಇಲ್ಲ.

ಅವರು ನಿರ್ದೇಶಕರ ಬಳಿಗೂ ಹೋದರು. ನಿರ್ದೇಶಕರು ಬಿಸಿ ಸಾರು ಕೊಟ್ಟು, ಎಲ್ಲವನ್ನೂ ಕೇಳಿ, “ಅಮ್ಮಾ, ವಾಪಸ್ ಕೊಟ್ಬಿಟ್ರೆ ಕಾಪಾಡಿದ ಹಾಗೆ ಹೇಗಾಗುತ್ತೆ?” ಎಂದರಂತೆ. ಎರಡೂ ಹಲಗೆ ಜೊತೆಗಿರುವ ತಾಜಾ ಫೋಟೊ ಲಗತ್ತಿಸಿ ಅರ್ಜಿ ಹಾಕಲು ಸೂಚಿಸಿದರು.

ಶುಕ್ರವಾರ ಸಂಜೆ ನಾಲ್ಕಕ್ಕೆ ನಾನು ಚಹಾ ಕುಡಿಯಲು ಹೋದೆ. ಕಿಟಕಿ ಮುಚ್ಚುವುದು ಮರೆತೆ. ಮರೆತೆ ಎಂದೇ ವರದಿಯಲ್ಲಿದೆ. ಬಂದು ನೋಡಿದರೆ ಇನ್ನೂರ ಹನ್ನೊಂದರ ಮೊಳೆ ಖಾಲಿ. ಆ ಬಲ ಹಲಗೆಯನ್ನು ತೋರಿಸಿ ಕೆಳಗಿನ ಕಿಟಕಿಯಲ್ಲಿ ಎಡ ಹಲಗೆಯನ್ನು ಎಡೆಲ್ಮಿರಾ ನಿಯಮಬದ್ಧವಾಗಿಯೇ ಬಿಡಿಸಿಕೊಂಡಿದ್ದರು.

ಶನಿವಾರ ಉಳಿದ ಶಿಕ್ಷಕರೆಲ್ಲ ಹಲಗೆಯಿಲ್ಲದೆ ಬರೀ ಬೂಟುಗಾಲಲ್ಲಿ ಬಂದು, ಅಂದು ಬೆಳಿಗ್ಗೆಯಷ್ಟೇ ಸಿಕ್ಕ ವಿನಾಯಿತಿಯಂತೆ, ಹೇಗೆ ಜಾರುತ್ತಿದ್ದೆವು ಎಂದು ಬಾಯಲ್ಲೇ ಹೇಳಿ ತೇರ್ಗಡೆಯಾದರು. ಕೊನೆಗೆ ಮೇಲಿನಿಂದ ಎಡೆಲ್ಮಿರಾ ಇಳಿದರು. ಎಷ್ಟು ಚೆಂದ ಇಳಿದರೆಂದರೆ ಪರೀಕ್ಷಕರೇ ಚಪ್ಪಾಳೆ ತಟ್ಟಿಬಿಟ್ಟರು.

ನಿರ್ದೇಶಕರು ನನ್ನನ್ನು ಕರೆದರು. “ಇನ್ನೂರ ಹನ್ನೊಂದು ನಿಮ್ಮ ಹತ್ರ ಇದೆಯೋ, ಇಲ್ವೋ?”

ಇಲ್ಲವೆಂದರೆ ಅದು ಕಳ್ಳತನ, ನನಗೆ ಕಲಿಸಿದಾಕೆಯನ್ನು ಪೊಲೀಸರು ಎಳೆದೊಯ್ಯುತ್ತಾರೆ. ನಾನು ಅಂದೆ, “ಇದೆ ಸ್ವಾಮಿ.”

ಅವರ ಮುಖ ಅರಳಿತು. “ಹಾಗಾದ್ರೆ ಬಲ ಹಲಗೆ ನಮ್ಮಲ್ಲೇ ಇದೆ. ಆಕೆ ಜಾರಿಲ್ಲ. ಗೈರುಹಾಜರಿ ಅಂತ ಬರ್ಕೊಳ್ಳಿ.”

ಪರೀಕ್ಷಕರು ಚಪ್ಪಾಳೆ ಹಿಂತೆಗೆದುಕೊಂಡು ಸಹಿ ಹಾಕಿದರು. ಎಡೆಲ್ಮಿರಾ ಕೆಲಸ ಕಳೆದುಕೊಂಡರು. ಉಳಿಸಿದೆ ಅಂದುಕೊಂಡಿದ್ದೆ ನಾನು, ದಡ್ಡ.

ಆದರೆ ಕಾಲಲ್ಲಿರುವ ಬಲ ಹಲಗೆ ಕಡತದ ಪ್ರಕಾರ ಅವರ ಕಾಲಲ್ಲಿ ಇಲ್ಲದಿರುವುದರಿಂದ, ಅವರನ್ನು ತಡೆಯಲು ಯಾರಿಗೂ ಅಧಿಕಾರವಿಲ್ಲ. ದಿನವೂ ಮಧ್ಯಾಹ್ನ ಅವರು ಆ ಖಾಲಿ ಬೆಟ್ಟವನ್ನೆಲ್ಲ ಒಬ್ಬರೇ ಇಳಿಯುತ್ತಾರೆ. ಆ ಹೊತ್ತಿಗೆ ಸಿಬ್ಬಂದಿ, ಪ್ರವಾಸಿಗರು ಆಕಾಶ ನೋಡತಕ್ಕದ್ದೆಂದು ಸುತ್ತೋಲೆಯಿದೆ. ಎಲ್ಲರೂ ನೋಡುತ್ತಾರೆ, ಕೆಲವರಿಗೆ ಅಭ್ಯಾಸವೂ ಆಗಿದೆ.

ನನ್ನ ಕಿಟಕಿಯ ಮುಂದೆ ಹಾಯುವಾಗ ಅವರು ಕೈ ಬೀಸುತ್ತಾರೆ. ನಾನು ಖಾಲಿ ಮೊಳೆಯ ಧೂಳು ಒರೆಸಿ, ದಿನಚರಿಯಲ್ಲಿ ಬರೆಯುತ್ತೇನೆ: ಕಳುವಾದದ್ದು, ಇಲ್ಲ. ಜಾರಿದವರು, ಇಲ್ಲ.