ಕೋಪಕ್ಕೆ ಗ್ರೀಕ್ ಮದ್ದು

ನಾನು ಏನಾದರೂ ಒಳ್ಳೆಯದನ್ನು ಕಲಿಯಲು ಹೊರಟಾಗಲೆಲ್ಲ ಅಕ್ಕಪಕ್ಕದವರಿಗೆ ಒಂದಲ್ಲ ಒಂದು ತಾಪತ್ರಯ ತಪ್ಪಿದ್ದಲ್ಲ. ಸಂಗೀತ ಕಲಿಯಲು ಹೋದಾಗ ಎದುರುಮನೆಯ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತು. ಹಾಗೆಂದು ಅವರು ಹೇಳಿದರು, ನಾನು ಒಪ್ಪಲಿಲ್ಲ. ಆದರೆ ಕೋಪ ಬಿಡಬೇಕೆಂದು ಗ್ರೀಸ್ ದೇಶದ ಜ್ಞಾನಿಗಳ ಬೆನ್ನು ಹತ್ತಿದೆನಲ್ಲ, ಆಗ ಆದಷ್ಟು ಅವಾಂತರ ಮತ್ತೆಂದೂ ಆಗಲಿಲ್ಲ.

ಮಾರಿಕಣಿವೆಯಲ್ಲಿ ಅಣೆಕಟ್ಟೆ ಏಳುತ್ತಿದ್ದ ಕಾಲ ಅದು. ನಾನು ಚಿತ್ರದುರ್ಗದ ಒಂದು ಶಾಲೆಯಲ್ಲಿ ಮೇಷ್ಟ್ರು. ಮಗಳಿಗೆ ಮೊದಲು ಹೊಳಲ್ಕೆರೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಸೋದರಮಾವ ನಮ್ಮ ಜಗಲಿಯ ಮೇಲೆ ಕೂತು, ನಮ್ಮ ಎಲೆ ಅಡಿಕೆ ಹಾಕಿಕೊಂಡು, "ನಿಮ್ಮ ಕೋಟೇಲಿ ಏನೈತ್ರಿ, ಬರೇ ಬಂಡೆ" ಅಂದ. ನಾನು ಅವನಿಗೆ ದಾರಿ ತೋರಿಸಿದೆ. ಈಗಲೂ ಕೇಳಿ, ನಾನು ಮಾಡಿದ್ದು ಸರಿಯೇ. ಆದರೆ ಸಂಬಂಧ ಮುರಿದು ಹೋಯಿತು, ಹೆಂಡತಿ ಮಾತು ಬಿಟ್ಟಳು.

ಆಮೇಲೆ ಹಿರಿಯೂರಿನಿಂದ ಇನ್ನೊಂದು ಸಂಬಂಧ ಬಂತು. ಹುಡುಗ ಕಟ್ಟೆಯ ಕೆಲಸದಲ್ಲಿ ಓವರ್ಸಿಯರು, ಅವನ ತಂದೆ ತೆಂಗಿನಕಾಯಿ ವ್ಯಾಪಾರಿ. ಹುಡುಗ ನಮ್ಮ ಹೆಡ್ಮಾಸ್ತರರ ಹಳೆಯ ಶಿಷ್ಯ, ಮಾತು ತಂದವರೂ ಅವರೇ. ಮಗಳಿಗೆ ಹುಡುಗ ಒಪ್ಪಿಗೆಯಾಗಿದ್ದ. ಅವಳು ಬಾಗಿಲ ಹಿಂದೆ ನಿಂತು, "ಅಪ್ಪಯ್ಯ, ಈ ಸಲ ಒಂದೀಟು ತಡಕಳಪ್ಪ" ಅಂದಳು. ಅವತ್ತೇ ಹೆಡ್ಮಾಸ್ತರರ ಮನೆಗೆ ಹೋದೆ.

ಮದ್ದು ಸಿಕ್ಕಿದ್ದು

ಹೆಡ್ಮಾಸ್ತರರು ಮೈಸೂರು ಕಡೆಯವರು, ಇಂಗ್ಲಿಷ್ ಪುಸ್ತಕಗಳನ್ನು ಓದಿದವರು. ಯಾರೇ ಏನೇ ಅಂದರೂ ಅವರ ಹುಬ್ಬು ಅಲುಗುತ್ತಿರಲಿಲ್ಲ. ಒಮ್ಮೆ ಶಾಲೆಯ ಮಾಡಿನ ಹೆಂಚು ಅವರ ಮೇಜಿನ ಮೇಲೆ ಬಿದ್ದಾಗ ಅದನ್ನು ಪಕ್ಕಕ್ಕಿಟ್ಟು ಪಾಠ ಮುಂದುವರಿಸಿದ್ದರು.

"ನೋಡಿ ಮೇಷ್ಟ್ರೇ, ಹಿರಿಯೂರಿನವರು ಪರಮ ಶಾಂತರು. ನಿಮ್ಮ ಕೋಪ ಕಂಡರೆ ಓಡಿ ಹೋಗ್ತಾರೆ. ಗ್ರೀಸ್ ದೇಶದಲ್ಲಿ ಹಿಂದೆ ಸ್ಟೋಯಿಕರು ಅಂತ ಒಂದು ಪಂಗಡ ಇತ್ತು. ಅವರ ಬೋಧನೆ ಬಹಳ ಸುಲಭ. ಕೆಲವು ನಮ್ಮ ಕೈಲಿವೆ, ಕೆಲವು ಇಲ್ಲ. ಇಲ್ಲದ್ದಕ್ಕೆ ಮನಸ್ಸು ಕೆಡಿಸಿಕೊಳ್ಳಬಾರದು."

ನನಗೆ ಗೊಂದಲವಾಯಿತು. ಒಂದೊಂದಾಗಿ ಕೇಳಿ ತಿಳಿದುಕೊಳ್ಳೋಣ ಅಂದುಕೊಂಡೆ.

"ಮಳೆ ಸ್ವಾಮಿ?"

"ನಿಮ್ಮ ಕೈಲಿಲ್ಲ."

"ನಮ್ಮ ಕ್ಲಾಸಿನ ಹುಡುಗರು?"

"ಇಲ್ಲ."

"ಸ್ಕೂಲು ಇನ್‌ಸ್ಪೆಕ್ಟರು? ನನ್ನ ಹೆಂಡತಿ?"

"ಇಲ್ಲ, ಇಲ್ಲ."

"ಹಂಗಾದ್ರೆ ನನ್ನ ಕೈಲಿರೋದು ಯಾವುದು ಸ್ವಾಮಿ?"

"ನಿಮ್ಮ ಕೋಪ."

ಇಷ್ಟು ವರ್ಷ ಉಳಿದದ್ದೆಲ್ಲ ನನ್ನ ಕೈಯಲ್ಲಿದೆ, ಅದೊಂದೇ ಇಲ್ಲ ಅಂದುಕೊಂಡಿದ್ದೆ.

ಬೆಳಗಿನ ಬಾಯಿಪಾಠ

ಹೆಡ್ಮಾಸ್ತರರು ಹೇಳಿಕೊಟ್ಟ ಮೊದಲನೆಯ ಅಭ್ಯಾಸ ಇದು. ಬೆಳಗ್ಗೆ ಎದ್ದ ಕೂಡಲೇ ಆ ದಿನ ಏನೇನು ಕೆಟ್ಟದ್ದಾಗಬಹುದೋ ಅದನ್ನೆಲ್ಲ ಮನಸ್ಸಿಗೆ ತಂದುಕೊಳ್ಳಬೇಕು. ಆಮೇಲೆ ಏನೇ ಆದರೂ ಎದೆ ಒಡೆಯುವುದಿಲ್ಲವಂತೆ.

ಮನಸ್ಸಿಗೆ ತಂದುಕೊಳ್ಳುವುದು ಎಂದರೆ ನಮ್ಮ ಕಾಲದ ಮೇಷ್ಟ್ರುಗಳಿಗೆ ಒಂದೇ ದಾರಿ. ಮಗ್ಗಿಯಿಂದ ಹಿಡಿದು ವಚನದವರೆಗೆ ನಾವು ಕಲಿತದ್ದೂ ಕಲಿಸಿದ್ದೂ ರಾಗವಾಗಿ, ಗಟ್ಟಿಯಾಗಿ ಹೇಳಿ. ಬಾಯಿ ಮುಚ್ಚಿಕೊಂಡು ಏನನ್ನಾದರೂ ಕಲಿಯಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಹಣೆಗೆ ವಿಭೂತಿ ಹಚ್ಚಿಕೊಂಡು, ನಡುಮನೆಯಲ್ಲಿ ಪದ್ಮಾಸನ ಹಾಕಿ, ಮಗ್ಗಿಯ ಧಾಟಿಯಲ್ಲೇ ಶುರು ಮಾಡಿದೆ.

"ಇಂದು ಸೂರು ಬೀಳಬಹುದು! ಇಂದು ಬಾವಿ ಬತ್ತಬಹುದು! ಇಂದು ನನಗೆ ಹಾವು ಕಚ್ಚಬಹುದು!"

ಹೆಂಡತಿ ಒಲೆ ಮುಂದಿನಿಂದ ಎದ್ದು ಓಡಿ ಬಂದಳು. "ಬಿಡ್ತು ಅನ್ರಿ! ಬಿಡ್ತು ಅನ್ರಿ! ಮೇಲೆ ಅಸ್ತು ದೇವತೆಗಳು ತಿರುಗ್ತಿರ್ತಾರೆ, ಅಸ್ತು ಅಂದುಬಿಟ್ರೆ ಏನ್ರಿ ಗತಿ?"

"ಅಸ್ತು ದೇವತೆಗಳು ನಮ್ಮ ಕೈಲಿಲ್ಲ" ಅಂದು ಮುಂದುವರಿಸಿದೆ. ಅವಳು ಉಪ್ಪು ಮೆಣಸಿನಕಾಯಿ ತಂದು ನನಗೆ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ನಾನು ಕೆಮ್ಮುತ್ತಲೇ, "ಇಂದು ಉಸಿರು ನಿಲ್ಲಬಹುದು" ಅಂದೆ. ಅದು ಪಾಠದಲ್ಲಿರಲಿಲ್ಲ, ಅನುಭವದಿಂದ ಬಂದದ್ದು.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನಪ್ಪ ಮೇಷ್ಟ್ರೇ, ಬೆಳ್ಳಂಬೆಳಗ್ಗೆ ಯಾರ ಸೂರು ಬೀಳ್ಲಿ ಅಂತ ಹಾಡ್ತಿದೀಯ?"

"ನಿಮ್ದಲ್ಲ ಅಜ್ಜಿ, ನಮ್ದೇ."

"ಮಧ್ಯದ ಗೋಡೆ ಒಂದೇ ಅಲ್ವೇನಪ್ಪ? ನಿಂದು ಬಿದ್ರೆ ನಂದೇನು ಆಕಾಶಕ್ಕೆ ನೇತಾಡ್ತೈತಾ?"

ಮರುದಿನದಿಂದ ಆ ಅಜ್ಜಿಯ ಸಮಾಧಾನಕ್ಕೆ ಸೂರನ್ನು ಪಾಠದಿಂದ ತೆಗೆದೆ. ಬಾವಿಯನ್ನೂ ತೆಗೆಯಬೇಕಾಯಿತು, ಅದೂ ಇಬ್ಬರಿಗೂ ಸೇರಿದ್ದು. ಕಡೆಗೆ ಹಾವೊಂದೇ ನನ್ನ ಸ್ವಂತದ್ದಾಗಿ ಉಳಿಯಿತು.

ಬೈಸಿಕೊಳ್ಳುವ ಕಷ್ಟ

ಎರಡನೆಯ ಅಭ್ಯಾಸ, ಯಾರು ಬೈದರೂ ಕಲ್ಲಿನಂತೆ ನಿಲ್ಲುವುದು. ಇದರಲ್ಲಿ ಒಂದು ತೊಡಕಿತ್ತು. ದುರ್ಗದಲ್ಲಿ ಮೇಷ್ಟ್ರಿಗೆ ಬೈಯುವವರೇ ಇರಲಿಲ್ಲ. ಬೀದಿಯಲ್ಲಿ ಹೊರಟರೆ ಎಲ್ಲರೂ "ಶರಣು ಮೇಷ್ಟ್ರೇ" ಅನ್ನುವವರೇ. ಅಭ್ಯಾಸ ಮಾಡುವುದು ಹೇಗೆ?

ಸಂತೆಪೇಟೆಯಲ್ಲಿ ಒಬ್ಬ ಜಟಕಾದವನಿದ್ದ, ಅವನ ಬಾಯಿ ಊರಿಗೇ ಹೆಸರಾದದ್ದು. ಅವನ ಹತ್ತಿರ ಹೋಗಿ, "ನನಗೆ ನಾಕು ಬೈಯಪ್ಪ" ಅಂದೆ.

ಅವನು ಹೆದರಿ ಗಾಡಿಯಿಂದ ಇಳಿದ. "ಬ್ಯಾಡ್ರಿ ಮೇಷ್ಟ್ರೇ. ವಿದ್ಯೆ ಹೇಳೋರಿಗೆ ಬೈದ್ರೆ ನಾಲಿಗೆ ಬಿದ್ದೋಗ್ತೈತೆ."

"ನನ್ನ ಮಗಳ ಮದುವೆ ಪ್ರಶ್ನೆ ಮಾರಾಯ."

ಮದುವೆಗೂ ಬೈಗುಳಕ್ಕೂ ಏನು ಸಂಬಂಧವೆಂದು ಅವನಿಗೆ ತಿಳಿಯಲಿಲ್ಲ. ಆ ಹೊತ್ತಿಗೆ ನನಗೂ ಸರಿಯಾಗಿ ತಿಳಿದಿರಲಿಲ್ಲ. ಆದರೂ ಪಾಪ, ಕಣ್ಣು ಮುಚ್ಚಿ, ಕುದುರೆಯ ಕಡೆ ಮುಖ ಮಾಡಿ, "ದಡ್ಡ ಮೇಷ್ಟ್ರು" ಅಂದ.

"ಸಾಲ್ದು" ಅಂದೆ.

"ಸಿಡುಕು ಮೂತಿ."

ನಾನು ಕದಲಲಿಲ್ಲ. ಇದನ್ನು ನೋಡಿ ಎಣ್ಣೆ ಅಂಗಡಿಯವನು ಬಂದ. "ಮೇಷ್ಟ್ರು ಬೈಸ್ಕಳ್ತಾ ಅವ್ರೆ" ಎಂದು ಸುದ್ದಿ ಹಬ್ಬಿತು. ಜನ ಹಬ್ಬಕ್ಕೆ ಬಂದ ಹಾಗೆ ಬಂದರು. ಎಣ್ಣೆಯವನು ತನ್ನ ಮಗನ ಕಿವಿ ನಾನು ಹಿಂಡಿದ್ದನ್ನು ಎತ್ತಿ ಆಡಿದ. ಕ್ಷೌರದವನು ನನ್ನ ತಲೆಯ ಆಕಾರವನ್ನು ವಿವರಿಸಿದ, ಅವನಿಗೆ ಅದು ಚೆನ್ನಾಗಿ ಗೊತ್ತು. ಕಂಬಳಿ ಮಾರಲು ಬಂದಿದ್ದ ಆದಿವಾಲದ ಕುರುಬನೊಬ್ಬ ನನ್ನನ್ನು ಹಿಂದೆ ಕಂಡವನೇ ಅಲ್ಲ, ಅವನೂ ಸರದಿಯಲ್ಲಿ ನಿಂತು, "ನಂದೂ ಒಂದಿರ್ಲಿ ಅಣ್ಣ" ಎಂದು ಬೈದು ಹೋದ. ನಾನು ನಗುತ್ತಲೇ ಇದ್ದೆ. ಗ್ರೀಕರು ನೋಡಿದ್ದರೆ ನನ್ನನ್ನು ಪಂಗಡಕ್ಕೆ ಸೇರಿಸಿಕೊಳ್ಳುತ್ತಿದ್ದರು.

ಕೊನೆಗೆ ಜಟಕಾದವನಿಗೇ ಕರುಳು ಚುರ್ ಅಂತು. "ಸಾಕು ಬಿಡ್ರಪ್ಪ. ಪಾಪ, ಮೇಷ್ಟ್ರು ಬಾಳ ಸಾಧು."

"ಯಾರಲೇ ಪಾಪ? ಯಾವನಲೇ ಸಾಧು?" ಎಂದು ನಾನು ಕೂಗಿದ ರಭಸಕ್ಕೆ ಕುದುರೆ ಗಾಡಿ ಸಮೇತ ಓಡಿತು. ಬೈಗುಳಕ್ಕೆ ಮದ್ದು ಹೇಳಿದ ಗ್ರೀಕರು ಕನಿಕರಕ್ಕೆ ಏನೂ ಹೇಳಿರಲಿಲ್ಲ.

ಹೊಸದುರ್ಗದ ಉಪವಾಸ

ಮೂರನೆಯದು, ಆಗಾಗ ಬೇಕೆಂದೇ ಬಡತನದ ಊಟ ಮಾಡುವುದು. ಬಡತನ ಬಂದರೆ ಹೆದರಿಕೆ ಇರಬಾರದೆಂದು. ಈ ಹೊತ್ತಿಗೆ ಹೊಸದುರ್ಗದಲ್ಲಿರುವ ಮಾವನ ಮನೆಗೆ ಹೋಗಬೇಕಾಗಿ ಬಂತು.

ಅತ್ತೆಯವರು ಹೋಳಿಗೆ ಮಾಡಿದ್ದರು, ಪಕ್ಕದಲ್ಲಿ ತುಪ್ಪದ ಗಿಂಡಿ. ನಾನು ಎಲೆ ಮುಂದೆ ಕೂತು, "ನನಗೆ ತಂಗಳು ಮುದ್ದೆ ಇದ್ರೆ ಹಾಕ್ರಿ. ಸಾರು ಬ್ಯಾಡ" ಅಂದೆ.

ಅತ್ತೆ ಮಾವ ಮುಖ ಮುಖ ನೋಡಿಕೊಂಡರು. ನಮ್ಮ ಕಡೆ ಅಳಿಯ ಹೋಳಿಗೆ ಬೇಡವೆಂದರೆ ಅದಕ್ಕೆ ಒಂದೇ ಅರ್ಥ. ಅಳಿಯ ಮುನಿಸಿಕೊಂಡಿದ್ದಾನೆ, ಮದುವೆಯಲ್ಲಿ ಏನೋ ಕಡಿಮೆಯಾಗಿದ್ದು ಈಗ ನೆನಪಾಗಿದೆ. ಮಾವ ಒಳಗೆ ಹೋಗಿ ಒಂದು ಜೊತೆ ಜರಿ ಪಂಚೆ ತಂದು ಮುಂದಿಟ್ಟರು. ನಾನು ಕಲಿತ ಪ್ರಕಾರ, "ಇದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಅಂದೆ. ಅವರ ಮುಖ ಇನ್ನೂ ಸಣ್ಣದಾಯಿತು. ಬೆಳ್ಳಿ ಲೋಟ ಬಂತು.

"ಅದೂ ಅಷ್ಟೇ ಮಾವ, ನನಗೆ ಯಾವುದರ ಮೇಲೂ ಆಸೆ ಇಲ್ಲ" ಎಂದು ನಾನು ಮುದ್ದೆ ಮುರಿದೆ.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಾವ ಕೊಟ್ಟಿಗೆಗೆ ಹೋದರು. ಮರುದಿನ ನಾನು ಕರು ಹಾಕಿದ ಹಸುವನ್ನು ಹೊಡೆದುಕೊಂಡು, ಪಂಚೆ ಲೋಟಗಳ ಗಂಟು ಹೊತ್ತು ದುರ್ಗಕ್ಕೆ ಬಂದೆ. ಬಡತನದ ಅಭ್ಯಾಸ ಹೀಗೇಕಾಯಿತೆಂದು ದಾರಿಯುದ್ದಕ್ಕೂ ಯೋಚಿಸಿದರೂ ಬಗೆಹರಿಯಲಿಲ್ಲ.

ಹೆಂಡತಿ ಹಸುವಿನ ಮೈದಡವಿದಳು. ಅಲ್ಲಿಯವರೆಗೆ ಗ್ರೀಕರನ್ನು ಶಪಿಸುತ್ತಿದ್ದವಳು ಮೊದಲ ಸಲ ಮೆತ್ತಗಾದಳು. "ಮುಂದಿನ ಸಲ ಹೋದಾಗ ನೆಲದ ಮೇಲೂ ಮಲಗ್ರಿ. ನಮ್ಮಪ್ಪನ ಹತ್ರ ಕಮಾನು ಗಾಡೀನೂ ಐತೆ."

ವೀಳ್ಯದ ದಿನ

ಅಂತೂ ಹಿರಿಯೂರಿನವರು ಬರುವ ದಿನ ಬಂತು. ನಮ್ಮಲ್ಲಿ ಹೆಣ್ಣಿನ ತಂದೆ, "ನಮ್ಮ ಮಗೀನ ನಿಮ್ಮ ಮನೆ ತುಂಬಿಸ್ಕಳ್ರಿ" ಅನ್ನಬೇಕು, ಗಂಡಿನ ತಂದೆ "ಆಗ್ಲಿ" ಅನ್ನಬೇಕು, ಇಬ್ಬರೂ ವೀಳ್ಯದ ತಟ್ಟೆ ಬದಲಾಯಿಸಬೇಕು. ಅಲ್ಲಿಗೆ ಮಾತು ಗಟ್ಟಿ. ಹೆಡ್ಮಾಸ್ತರರು ಊಟದ ಹೊತ್ತಿಗೆ ಬರುವುದಾಗಿ ಹೇಳಿದ್ದರು.

ವ್ಯಾಪಾರಿ ದೊಡ್ಡ ಆಳು, ಗಿರಿಜಾ ಮೀಸೆ. ಆದರೆ ದನಿ ಮಾತ್ರ ಕರುವಿನ ಹಾಗೆ ಮೃದು. ಹೆಂಗಸರು ಒಳಗೆ ಹೋದರು. ನಾವಿಬ್ಬರು ತಟ್ಟೆ ಮುಂದಿಟ್ಟುಕೊಂಡು ಎದುರುಬದುರು ಕೂತೆವು.

ನಾನು ಉಸಿರು ಎಳೆದುಕೊಂಡು, "ನೀವು ನಮ್ಮ ಮಗೀನ ಒಪ್ಪೋದು ಬಿಡೋದು ನನ್ನ ಕೈಲಿಲ್ಲ" ಅಂದೆ.

ಅವರ ಕಣ್ಣು ಅರಳಿತು. "ಬಾಳ ಸರಿಯಾಗಿ ಹೇಳಿದ್ರಿ. ನೀವು ಕೊಡೋದು ಬಿಡೋದೂ ನನ್ನ ಕೈಲಿಲ್ಲ."

"ನೀವು ಈಗ ಎದ್ದು ಹೋದ್ರೂ ನನಗೆ ಬ್ಯಾಸರ ಇಲ್ಲ."

"ನೀವು ಎದ್ದೋಗು ಅಂದ್ರೂ ನಂಗೆ ಬ್ಯಾಸರ ಇಲ್ಲ."

ಇಂಥ ಸಜ್ಜನರನ್ನು ನಾನು ಕಂಡೇ ಇರಲಿಲ್ಲ. ಒಳಗೆ ಬಳೆಗಳ ಸದ್ದು ನಿಂತಿತು. ವ್ಯಾಪಾರಿ ಕೆಮ್ಮಿ, "ಒಂದು ವೇಳೆ ಮದುವೆ ದಿನ ಚಪ್ಪರ ಬಿದ್ರೆ?" ಅಂದರು.

"ಬೀಳ್ಲಿ. ಪಾಯಸ ಹಳಸಿದ್ರೆ?"

"ಹಳಸ್ಲಿ. ಬೀಗರು ಜಗಳ ಆಡಿದ್ರೆ?"

"ಆಡ್ಲಿ. ಕಟ್ಟೆ ಒಡೆದು ನಿಮ್ಮ ತೆಂಗಿನ ತೋಟ ಕೊಚ್ಚಿಕೊಂಡು ಹೋದ್ರೆ?"

ಅವರ ಮೀಸೆ ಒಂದು ಗಳಿಗೆ ನಡುಗಿತು. "ಹೋ... ಹೋಗ್ಲಿ."

ಒಂದೊಂದು ಮಾತಿಗೂ ಒಳಗಿನಿಂದ "ಬಿಡ್ತು! ಬಿಡ್ತು!" ಎಂದು ಹೆಂಗಸರ ಕೂಗು ಏರುತ್ತಿತ್ತು. ಅನ್ನ ಆರಿತು. ತಟ್ಟೆಯ ಎಲೆ ಬಾಡಿತು. ಕೊಡುವವನು ಕೊಡಲಿಲ್ಲ, ಒಪ್ಪುವವನು ಒಪ್ಪಲಿಲ್ಲ. ಆಗ ಬಾಗಿಲ ಹಿಂದೆ ನನ್ನ ಮಗಳು ಬಿಕ್ಕುವುದು ಕೇಳಿಸಿತು. "ಕೊಟ್ಟೆ, ತಗಳ್ರಿ" ಎಂದು ಬಾಯಿಗೆ ಬಂದ ಮಾತನ್ನು, ಎಲ್ಲಿ ಪಾಠ ತಪ್ಪಿ ಸಂಬಂಧ ಮುರಿದೀತೋ ಎಂದು ನುಂಗಿಕೊಂಡೆ. ಎದುರಿನವರೂ ಏನನ್ನೋ ನುಂಗಿದ ಹಾಗೆ ಕಂಡಿತು.

ಗಂಡಿನ ತಾಯಿ ತಡೆಯಲಾರದೆ ಹೊರಗೆ ಬಂದರು. "ನಮ್ಮನೆಯವ್ರು ಹಿಂಗಿರ್ಲಿಲ್ಲ ಕಣ್ರೀ! ಸಂತೇಲಿ ಇವ್ರು ಕೂಗಿದ್ರೆ ಎತ್ತು ದಾರಿ ಬಿಡ್ತಿದ್ವು. ಆ ಹೆಡ್ಮಾಸ್ತರು ಬಂದು, ಹುಡುಗಿ ಅಪ್ಪ ಪರಮ ಶಾಂತ, ನಿಮ್ಮ ಕೋಪ ಕಂಡ್ರೆ ಓಡಿ ಹೋಗ್ತಾನೆ ಅಂತ ಅದೇನೋ ಪಾಠ ಹೇಳ್ಕೊಟ್ರು."

"ಅಯ್ಯೋ ನಮ್ಮ ಶಿವನೇ, ನಮಗೂ ಅದನ್ನೇ ಅಂದ್ರು!" ಅಂದಳು ನನ್ನ ಹೆಂಡತಿ.

ಸರಿಯಾಗಿ ಆ ಹೊತ್ತಿಗೆ ಹೆಡ್ಮಾಸ್ತರರು ಬಂದರು. ತಲೆಯ ಮೇಲೆ ಹೊಸ ಪೇಟ, ಮುಖದಲ್ಲಿ ಮಂದಹಾಸ. "ಮಾತು ಮುಗೀತೇ?"

"ಅದು ನನ್ನ ಕೈಲಿಲ್ಲ ಸ್ವಾಮಿ" ಅಂದರು ವ್ಯಾಪಾರಿ.

"ನನ್ನ ಕೈಲೂ ಇಲ್ಲ" ಅಂದೆ ನಾನು. "ತಾವು ಹೇಳಿದ ಹಾಗೇ ನಡೀತಿದೀವಿ."

ಹೆಂಚು ಬಿದ್ದರೂ ಅಲುಗದ ಹುಬ್ಬು ಅಲುಗಿತು. ಕಿವಿ ಕೆಂಪಾಯಿತು. ಹೆಡ್ಮಾಸ್ತರರು ಪೇಟ ಕಿತ್ತು ಬೀಸಿದ ರಭಸಕ್ಕೆ ಅದು ಬಿಚ್ಚಿಕೊಂಡು ಅಂಗಳ ದಾಟಿ ಎಲ್ಲೋ ಹೋಯಿತು. "ಅಯ್ಯೋ ಮಂಕುಗಳಾ! ಗ್ರೀಕರು ಹೆಣ್ಣುಮಕ್ಕಳ ಮದುವೆ ಮಾಡಲಿಲ್ವೇನ್ರೋ? ಎತ್ತಿ ತಟ್ಟೇನ!" ಎಂದು ಗುಡುಗಿದರು. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಏನಾಯಿತೆಂದು ಕೂಗಿದಳು.

ನಾವಿಬ್ಬರೂ ಶಾಲೆಯ ಹುಡುಗರಂತೆ ಧಡಕ್ಕನೆ ಎದ್ದು, ಒಟ್ಟಿಗೇ ತಟ್ಟೆ ಎತ್ತಿ, ಒಬ್ಬರ ಹಣೆ ಒಬ್ಬರಿಗೆ ಡಿಕ್ಕಿ ಹೊಡೆದು, ವೀಳ್ಯ ಬದಲಾಯಿಸಿದೆವು. "ಹಣೆ ನೋಡ್ಕಂಡು ಬಗ್ಗಬಾರ್ದೇನ್ರಿ?" ಎಂದು ವ್ಯಾಪಾರಿ ಸಂತೆಯ ದನಿಯಲ್ಲಿ ಕೂಗಿದರು. "ನೀವ್ಯಾಕ್ರೀ ಮುಂದೆ ಬಂದ್ರಿ?" ಎಂದು ನಾನೂ ಕೂಗಿದೆ. ಗಂಡಿನ ತಾಯಿ ನನ್ನ ಹೆಂಡತಿಯ ಕೈ ಹಿಡಿದುಕೊಂಡು, "ಸದ್ಯ, ಇಬ್ರಿಗೂ ವಾಸಿ ಆತು" ಅಂದರು.

ಮಗಳು ಬಂದು ಕಾಲಿಗೆರಗಿದಳು. ನನ್ನ ಕಣ್ಣಲ್ಲಿ ನೀರು ಬಂತು, ಎಷ್ಟು ಒರೆಸಿದರೂ ನಿಲ್ಲಲಿಲ್ಲ. ಈ ಅಳು ನನ್ನ ಕೈಯಲ್ಲಿರುವುದೋ ಇಲ್ಲದ್ದೋ ಎಂದು ಹೆಡ್ಮಾಸ್ತರರನ್ನು ಕೇಳಬೇಕೆಂದು ತಿರುಗಿದೆ. ಅವರು ಬೀದಿಯಲ್ಲಿ ಎತ್ತಿನ ಗಾಡಿಯ ಕೆಳಗೆ ಬಗ್ಗಿ, ಗ್ರೀಕರನ್ನೂ ನಮ್ಮನ್ನೂ ಒಟ್ಟಿಗೆ ಬೈಯುತ್ತಾ ಪೇಟ ಹುಡುಕುತ್ತಿದ್ದರು.